ಜೋಳವೆಂದು ಹೇಳಿದ ಬ್ಯಾರಲ್

ಆ ಓಣಿಗೆ ನಳದ ನೀರು ಬರುವುದು ಹತ್ತು-ಹನ್ನೆರಡು ದಿನಕ್ಕೊಮ್ಮೆ. ಬಂದಾಗ ತುಂಬಿಟ್ಟುಕೊಂಡವರೇ ಜಾಣರು. ಫಕ್ಕೀರವ್ವನಷ್ಟು ಜಾಣೆ ಆ ಓಣಿಯಲ್ಲೇ ಇರಲಿಲ್ಲ. ಬಚ್ಚಲ ಪಕ್ಕದಲ್ಲಿ ಅವಳ ನೀರಿನ ಬ್ಯಾರಲ್‌ಗಳು ಸಾಲಾಗಿ ನಿಂತಿರುತ್ತಿದ್ದವು. ಒಂದನ್ನೂ ತಳ ಕಾಣುವವರೆಗೆ ಖಾಲಿ ಮಾಡಿದವಳಲ್ಲ. ಹಳೇ ನೀರಿನ ಮೇಲೇ ಹೊಸ ನೀರು. ಹುಳ ಕಂಡರೆ ಹಳೇ ಸೀರೆಯ ತುಂಡಿನಲ್ಲಿ ಸೋಸಿಬಿಡುತ್ತಿದ್ದಳು. "ಹುಳ ಬದುಕ್ಯಾವ ಅಂದ್ರ ನೀರು ಚಲೋ ಐತಿ ಅಂತ ಲೆಕ್ಕ" ಎನ್ನುತ್ತಿದ್ದಳು. ಏನು ಲೆಕ್ಕವೋ ಏನೋ!

ಆ ವರ್ಷ ಮಗಳು ಸುವರ್ಣಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ, ಹರಕೆ ಹೊತ್ತು ಹೊತ್ತು ನಿಂತ ಬಸಿರು. ಫಕ್ಕೀರವ್ವನ ಹಿಗ್ಗು ಹೇಳತೀರದು. ಬಾಣಂತಿಗೂ ಕೂಸಿಗೂ ದಿನಾ ಹಂಡೆಗಟ್ಟಲೆ ಬಿಸಿನೀರು ಬೇಕಲ್ಲ? ಮತ್ತೆರಡು ಬ್ಯಾರಲ್ ತಂದು ತುಂಬಿಸಿಟ್ಟಳು.

ಅಷ್ಟರಲ್ಲೇ ಊರಲ್ಲಿ ಡೆಂಗಿ ಜ್ವರ ಶುರುವಾಯಿತು. ಆಶಾ ಕಾರ್ಯಕರ್ತೆ ಮಹಾದೇವಿ ಮನೆಮನೆಗೆ ಬಂದು, ಸೊಳ್ಳೆಯಾಗುವ ಹುಳ ಬಿದ್ದ ನೀರು ಚೆಲ್ಲಿಸಿ, ಬ್ಯಾರಲ್ ತಿಕ್ಕಿಸುತ್ತಿದ್ದಳು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಫಕ್ಕೀರವ್ವ ಬ್ಯಾರಲ್‌ಗಳನ್ನೆಲ್ಲ ಕೌದಿಯಲ್ಲಿ ಮುಚ್ಚಿಬಿಟ್ಟಳು.

"ಇದರಾಗ ಏನೈತಿ, ಯವ್ವಾ?" ಎಂದಳು ಮಹಾದೇವಿ.

"ಜ್ವಾಳ. ಹೊಸಾ ಜ್ವಾಳ."

ಮಹಾದೇವಿಗೆ ಅನುಮಾನ. ಸುವರ್ಣಾಳ ಕಡೆ ತಿರುಗಿ, "ಹೌದೇನವ್ವಾ?" ಎಂದಳು.

ಹೊರಗಿನವಳೆದುರು ತಾಯಿ ಸುಳ್ಳಿಯಾಗಬಾರದಲ್ಲ. "ಹೂಂ ರೀ, ಜ್ವಾಳನ" ಎಂದುಬಿಟ್ಟಳು ಮಗಳು.

ಮಹಾದೇವಿ ಬಾಗಿಲು ದಾಟಿದಳೋ ಇಲ್ಲವೋ, ತಾಯಿ ಮಗಳು ಬಿದ್ದುಬಿದ್ದು ನಕ್ಕರು. ಕೌದಿಗಳು ಮತ್ತೆ ಗೂಟ ಸೇರಿದವು.

ಸ್ವಲ್ಪ ದಿನಕ್ಕೆ ಸುವರ್ಣಾಗೆ ಜ್ವರ ಬಂತು. ಮೈಕೈ ನುಚ್ಚಾಗುವಂಥ ಜ್ವರ. ದವಾಖಾನೆಯಲ್ಲಿ ಅವಳ ಜೀವವೇನೋ ಉಳಿಯಿತು. ಹೊಟ್ಟೆಯಲ್ಲಿದ್ದ ಗಂಡುಕೂಸು ಉಳಿಯಲಿಲ್ಲ.

ಫಕ್ಕೀರವ್ವ ಎದೆ ಬಡಿದುಕೊಂಡು ಅತ್ತಳು. ಗಟಾರಕ್ಕೆ ಶಾಪ ಹಾಕಿದಳು, ಮುನ್ಸಿಪಾಲ್ಟಿಗೆ ಮಣ್ಣು ತೂರಿದಳು. ಕೊನೆಗೆ ಮಗಳು, "ಅವ್ವಾ, ಗಟಾರಕ್ಕ ಯಾಕ ಬೈತಿ? ನಮ್ಮನಿಯೊಳಗ ಏನಿತ್ತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಿನಗರ ಹೆಂಗ ಬೈಲಿ? ನಾನೂ ಹೂಂ ಅಂದೆನಲ್ಲ" ಎಂದಳು. ಗಂಡ ಬಂದು ಕರೆದೊಯ್ದ. ಅವಳು ಮತ್ತೆ ತವರಿನ ಹೊಸ್ತಿಲು ತುಳಿಯಲಿಲ್ಲ.

ಮರು ವರ್ಷ ಮಹಾದೇವಿ ಮತ್ತೆ ಓಣಿಗೆ ಬಂದಳು. ಪಕ್ಕದ ಮನೆಯ ಕಸ್ತೂರೆವ್ವ, "ಅದರಾಗೇನಿಲ್ರಿ, ಗೋದಿ ಅದಾವ" ಎನ್ನುವುದು ಕಟ್ಟೆಯ ಮೇಲೆ ಕೂತಿದ್ದ ಫಕ್ಕೀರವ್ವನಿಗೆ ಕೇಳಿಸಿತು. ಎದ್ದು ಹೋದವಳೇ ಬ್ಯಾರಲ್ ಮೇಲಿನ ಚಾದರ ಕಿತ್ತೆಸೆದಳು. ನೀರಲ್ಲಿ ಹುಳ ಮಿಜಿಮಿಜಿ ಎನ್ನುತ್ತಿದ್ದವು.

ಕಸ್ತೂರೆವ್ವ ಸಿಡಿದೆದ್ದಳು. "ನಿನ್ನ ಮನ್ಯಾಗ ಆಗಬಾರದ್ದು ಆತಂತ ನನ್ನ ನೀರು ಚೆಲ್ಲಸಾಕ ಬಂದಿಯೇನ? ಎಂಥಾ ಹೊಟ್ಟೆಕಿಚ್ಚ ನಿಂದು!"

"ಹೊಟ್ಟೆಕಿಚ್ಚನ ಅನ್ನು. ನಿನ್ನ ಮೊಮ್ಮಗ ಅಂಗಳದಾಗ ಆಡಾಕತ್ತಾನ. ನನ್ನ ಮೊಮ್ಮಗನ್ನ ನಾ ಎಲ್ಲಿ ನೋಡ್ಲಿ?"

ನೀರು ಚೆಲ್ಲಿಸಿದರು. ಅಂದಿನಿಂದ ಕಸ್ತೂರೆವ್ವ ಅವಳೊಡನೆ ಮಾತು ಬಿಟ್ಟಿದ್ದಾಳೆ. ಹುಡುಗ ಗಟ್ಟಿಮುಟ್ಟಾಗಿದ್ದಾನೆ. ಬಾರದ ಜ್ವರಕ್ಕೆ ಯಾರು ಯಾರ ಉಪಕಾರ ನೆನೆಯುತ್ತಾರೆ ಹೇಳಿ?

ನೀತಿ: ತುಂಬಿಟ್ಟ ನೀರನ್ನು ಬಿಗಿಯಾಗಿ ಮುಚ್ಚಿಡಿ, ವಾರಕ್ಕೊಮ್ಮೆಯಾದರೂ ಪಾತ್ರೆ, ಬ್ಯಾರಲ್ ಖಾಲಿ ಮಾಡಿ, ತಿಕ್ಕಿ, ಒಣಗಿಸಿ. ಕೇಳಲು ಬಂದವರನ್ನು ಸುಳ್ಳು ಹೇಳಿ ಕಳಿಸಬಹುದು. ಸೊಳ್ಳೆ ಯಾರನ್ನೂ ಕೇಳಿಕೊಂಡು ಬರುವುದಿಲ್ಲ.