ಸಾಲು ತಪ್ಪಿದ ಸಸಿ

"ಗುರುಗಳೇ, ಜಪಕ್ಕೆ ಅಡ್ಡಿಯಾದುದನ್ನೆಲ್ಲ ಕಿತ್ತೊಗೆದಿದ್ದೇನೆ. ನಂಟರನ್ನು ಬಿಟ್ಟೆ. ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳುಹಿಸಿದೆ. ಆದರೂ ಭಗವಂತ ಒಂದು ಗುರುತನ್ನೂ ತೋರಲಿಲ್ಲ. ಏಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು:

ಒಬ್ಬ ನೇಕಾರನಿದ್ದ. ಅವನಿಗೆ ಮಗ್ಗವೇ ಲೋಕ. ಹಿತ್ತಲು ಹೆಂಡತಿಯದು. ಅಲ್ಲಿಯ ಬದನೆ, ಬೆಂಡೆ, ಹೀರೆ ಒಲೆಗೆ ಬರುತ್ತಿದ್ದವು. ಚೆಂಡುಹೂವು ದೇವರ ಗೂಡಿಗೆ ಹೋಗುತ್ತಿತ್ತು. ಅವು ಹೇಗೆ ಬೆಳೆಯುತ್ತವೆಂದು ಅವನು ಒಂದು ದಿನವೂ ಹೋಗಿ ನೋಡಿದವನಲ್ಲ.

ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಹಿತ್ತಲಿನಲ್ಲಿ ಆಳೆತ್ತರದ ಕಳೆ ತುಂಬಿತು. ನೇಕಾರ ದಿನವೂ ದೀಪ ಹಚ್ಚಿ ಒಂದನ್ನೇ ಬೇಡುತ್ತಿದ್ದ: "ತಂದೆ, ಈ ಮನೆಯಲ್ಲಿ ಒಬ್ಬನೇ ಇರಲಾರೆ. ಅವಳದೊಂದು ಗುರುತು ಕೊಡು."

ಒಂದು ಬೆಳಿಗ್ಗೆ, ಅವಳು ಬೆಳೆದುದನ್ನು ತಾನೂ ಬೆಳೆಯೋಣವೆಂದು ಗುದ್ದಲಿ ಹಿಡಿದು ಹೊರಟ. ಬೇಲಿಯಾಚೆಯಿಂದ ಪಕ್ಕದ ಮನೆಯ ಮುದುಕಿ ನಕ್ಕಳು.

"ಅಯ್ಯೋ ನನ್ನಪ್ಪ! ಮೂವತ್ತು ವರ್ಷ ಹಿತ್ತಲ ಬಾಗಿಲಿನ ಅಗುಳಿ ಯಾವ ಕಡೆಗಿದೆ ಅಂತ ಗೊತ್ತಿರಲಿಲ್ಲ. ಈಗ ಗುದ್ದಲಿಯೋ?"

"ಗೊತ್ತಿಲ್ಲ ಅವ್ವ. ಅದಕ್ಕೇ ಹೇಳಿಕೊಡು."

"ಕಳೆ ಸವರು, ಅಗೆ, ಹೆಂಟೆ ಒಡೆ. ನೀರು ಹಾಯಿಸಿ ಹದಿನೈದು ದಿನ ಸುಮ್ಮನಿರು. ತನ್ನೊಳಗೆ ಏನಿದೆ ಅಂತ ಮಣ್ಣೇ ತೋರಿಸುತ್ತೆ. ಆಮೇಲೆ ಬೇಡದ್ದನ್ನು ಕಿತ್ತು ಬೀಜ ಹಾಕು. ಆದರೆ ಕೀಳುವ ಮೊದಲು ನನ್ನನ್ನೊಮ್ಮೆ ಕೂಗು."

ನೇಕಾರ ಹಾಗೆಯೇ ಮಾಡಿದ. ಹದಿನೈದನೆಯ ದಿನ ನೆಲ ಹಸಿರಾಗಿತ್ತು. ಸಸಿಗಳು ಅಲ್ಲೊಂದು ಇಲ್ಲೊಂದು ಎದ್ದಿದ್ದವು. ಮಗ್ಗದಲ್ಲಿ ಸಾಲು ತಪ್ಪಿದ ಎಳೆಯನ್ನು ಚಿವುಟಿ ಪಳಗಿದ ಕೈ ಅವನದು. ಸಾಲಿನಲ್ಲಿಲ್ಲದ್ದೆಲ್ಲ ಕಳೆಯೆಂದುಕೊಂಡ. ಇಷ್ಟಕ್ಕೂ ಮುದುಕಿಯನ್ನು ಕೂಗಿ ನಗೆಪಾಟಲಾಗುವುದೇಕೆಂದು, ಒಂದನ್ನೂ ಬಿಡದೆ ಕಿತ್ತು ಬೇಲಿಯ ಬಳಿ ರಾಶಿ ಹಾಕಿದ. ಬಿಸಿಲೇರಿತು.

ಒಳಗೆ ಬಂದು ಕೈ ತೊಳೆಯಲು ಚೆಂಬು ತೆಗೆದುಕೊಂಡ. ಅದಕ್ಕೂ ಮೊದಲು ಮುಖದ ಬೆವರು ಒರೆಸಿಕೊಳ್ಳಲು ಕೈಯೆತ್ತಿದವನು ಅಲ್ಲೇ ನಿಂತ. ಬೆರಳುಗಳಲ್ಲಿ ಚೆಂಡುಹೂವಿನ ಗಿಡದ ಘಾಟು ಇತ್ತು. ಮೂವತ್ತು ವರ್ಷ ಅವನಿಗೆ ಅನ್ನ ಬಡಿಸಿದ ಕೈಯ ವಾಸನೆ ಅದೇ ಆಗಿತ್ತು. ಅವಳ ಹೂವಿನಿಂದ ಉದುರಿದ ಬೀಜ ಮಣ್ಣಿನಲ್ಲಿ ಕಾದಿದ್ದು ಮೊಳೆತಿತ್ತು.

ಓಡಿಹೋಗಿ ರಾಶಿಯನ್ನು ಕೆದಕಿದ. ಎಲ್ಲವೂ ಬಾಡಿದ್ದವು.

ಮುದುಕಿ ಬೇಲಿಯ ಬಳಿ ಬಂದಳು. ಈ ಸಲ ನಗಲಿಲ್ಲ. "ನೀರು ಹಾಕುತ್ತಿರು ಮಗ. ಅವಳು ಮಣ್ಣಿಗೆ ಇನ್ನೂ ಎಷ್ಟು ಕೊಟ್ಟು ಹೋಗಿದ್ದಾಳೋ, ಮೇಲಿರುವವನೇ ಬಲ್ಲ" ಎಂದಳು.

ಅಂದು ನೇಕಾರ ಕೈ ತೊಳೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಮತ್ತೆ ಮೊಳೆಯಿತೇ?"

ಗುರುಗಳೆಂದರು: "ಅದಿರಲಿ ಮಗು, ನಿನ್ನ ಬೆರಳನ್ನೊಮ್ಮೆ ಮೂಸಿ ನೋಡು."