ಮೆಟ್ಟಿಲ ಕೆಳಗಿನ ಪುಸ್ತಕಗಳು

ಹೊಳೆದಂಡೆಯ ಶಾಲೆಯೊಂದರಲ್ಲಿ ಚನ್ನಿಗಯ್ಯ ಅಂತ ಒಬ್ಬ ಮೇಷ್ಟ್ರಿದ್ದರು. ಪಾಠ ಹೇಳುವ ಮೇಷ್ಟ್ರಲ್ಲ, ಪುಸ್ತಕ ಕೊಡುವ ಮೇಷ್ಟ್ರು. ಮೂವತ್ತು ವರ್ಷ ಒಂದು ಕಬ್ಬಿಣದ ಬೀರು, ಒಂದು ಬೆಂಚು, ಸೊಂಟದಲ್ಲೊಂದು ಬೀಗದ ಕೈ. ಅಷ್ಟೇ ಅವರ ಗ್ರಂಥಾಲಯ.

ಅವರ ಕಣ್ಣಿಗೆ ಪೊರೆ ಬಂತು. ಅದೇ ವರ್ಷ ಶಾಲೆಯವರು ಹೊಸ ಗ್ರಂಥಾಲಯ ಕಟ್ಟಿಸಲು ಹೊರಟರು. ಅದನ್ನು ರೂಪಿಸಿ, ಆಮೇಲೆ ನೋಡಿಕೊಂಡು ಹೋಗಲು ದಾಕ್ಷಾಯಿಣಿ ಎಂಬ ಹುಡುಗಿ ಬಂದಳು. ಗ್ರಂಥಾಲಯ ವಿಜ್ಞಾನ ಓದಿದವಳು, ಮಾತು ಚುರುಕು. ಮೊದಲು ಮೇಷ್ಟ್ರ ಹತ್ತಿರ ಕೆಲಸ ಕಲಿಯಬೇಕು, ಅವರು ಸೈ ಅಂದಮೇಲೆ ಬೀಗದ ಕೈ ತೆಗೆದುಕೊಳ್ಳಬೇಕು ಅಂತ ಮಾತಾಯಿತು.

"ಬೀಗದ ಕೈ ಯಾವಾಗ ಕೊಡ್ತೀರಿ ಮೇಷ್ಟ್ರೇ?" ಅಂತ ಮೊದಲ ದಿನವೇ ಕೇಳಿದಳು. ಅವಸರ ನೋಡಿ!

"ಇಲ್ಲೊಂದು ಮಗು ನಿದ್ದೆ ಹೋದ ದಿನ," ಅಂದರು ಮೇಷ್ಟ್ರು.

ಅರವತ್ತಕ್ಕೆ ಅರಳುಮರಳು ಅಂದುಕೊಂಡಳು ದಾಕ್ಷಾಯಿಣಿ.

ಅವಳ ಹತ್ತಿರ ಒಂದು ನಕ್ಷೆ ಇತ್ತು. ದೂರದ ಯಾವುದೋ ದೇಶದ ಶಾಲೆಯ ಚಿತ್ರ ನೋಡಿ ಬರೆದದ್ದು. ಕೋಣೆಯ ಒಂದು ಬದಿಗೆ ಅಗಲವಾದ ಮರದ ಮೆಟ್ಟಿಲುಗಳು. ಹತ್ತಿ ಹೋಗುವುದಕ್ಕಲ್ಲ, ಕೂತು ಓದುವುದಕ್ಕೆ. ಒಂದೊಂದು ಮೆಟ್ಟಿಲೂ ಮಗುವಿನ ಮೊಣಕಾಲಿಗಿಂತ ಎತ್ತರ, ಒಳಗೆ ಟೊಳ್ಳು. ಆ ಟೊಳ್ಳಿನೊಳಗೆ ಸಾಲಾಗಿ ಪುಸ್ತಕ. ಎದುರಿಗೆ ಗಾಜಿನ ಕಿಟಕಿ, ಕಿಟಕಿಯಾಚೆ ಹೊಳೆ.

ಮೇಷ್ಟ್ರು ನಕ್ಷೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಚೆನ್ನಾಗಿದೆ ಕಣಮ್ಮಾ. ಕನಸಿನ ಹಾಗಿದೆ."

"ಕಟ್ಟಿಸಲಾ?"

"ಕಟ್ಟಿಸು."

ಕಟ್ಟಿಸಿದಳು. ನಿಜ ಹೇಳಬೇಕು, ಅಂಥ ಕೋಣೆಯನ್ನು ಆ ಸುತ್ತಿನಲ್ಲಿ ಯಾರೂ ನೋಡಿರಲಿಲ್ಲ. ಮಧ್ಯಾಹ್ನ ಹೊಳೆಯ ನೀರಿನ ಬೆಳಕು ಒಳಗೆ ಬಂದು ಸೂರಿನ ಮೇಲೆ ಅಲುಗುತ್ತಿತ್ತು. ಅಲ್ಲಿ ನಿಂತರೆ ನೆಲ ಗಟ್ಟಿಯಾಗಿದೆಯೋ ತೇಲುತ್ತಿದೆಯೋ ಅನ್ನುವುದೇ ಮರೆತುಹೋಗುತ್ತಿತ್ತು. ದಾಕ್ಷಾಯಿಣಿಗೆ ಸಂತೋಷದಲ್ಲಿ ಕಣ್ಣು ತುಂಬಿತು. ಬಾಗಿಲ ಪಕ್ಕ ಒಂದು ಬೋರ್ಡು ತೂಗುಹಾಕಿದಳು: ಸದ್ದು ಮಾಡಬೇಡಿ.

ಮಕ್ಕಳು ಬಂದರು. ಬಾಯಿ ಬಿಟ್ಟುಕೊಂಡು ನೋಡಿದರು. ಮೆಟ್ಟಿಲ ಬುಡದಲ್ಲಿ ಕೈ ಹಿಂದಕ್ಕೆ ಕಟ್ಟಿ ನಿಂತರು. ಗಂಟೆ ಹೊಡೆಯಿತು, ಹೊರಟುಹೋದರು.

ಮಾರನೆಯ ದಿನವೂ ಹಾಗೇ ಆಯಿತು. ವಾರ ಕಳೆಯುವಷ್ಟರಲ್ಲಿ ಬರುವುದನ್ನೂ ಬಿಟ್ಟರು.

"ಯಾರಿಗಮ್ಮಾ ಈ ಬೋರ್ಡು?" ಮೇಷ್ಟ್ರು ಕೇಳಿದರು. "ನೊಣಕ್ಕಾ?"

ದಾಕ್ಷಾಯಿಣಿಗೆ ಮೈಯೆಲ್ಲ ಉರಿಯಿತು. "ಈ ಮಕ್ಕಳಿಗೆ ಓದೋ ರುಚಿಯೇ ಇಲ್ಲ ಮೇಷ್ಟ್ರೇ."

"ಬೆಂಚಿನ ಮೇಲೆ ಮೂರು ಮೂರು ಜನ ಒತ್ತಿಕೊಂಡು ಕೂತು ಓದ್ತಿದ್ರಲ್ಲ?"

"ಹಾಗಾದ್ರೆ ಇಲ್ಲೇನಾಯ್ತು?"

"ಸರಸ್ವತಿ ಪೂಜೆ ದಿನ ಪುಸ್ತಕ ಮುಟ್ಟೋ ಹಾಗಿಲ್ಲ ಅಂತ ನಮ್ಮಲ್ಲಿ ಒಂದು ಕ್ರಮ. ಅದು ವರ್ಷಕ್ಕೊಂದು ದಿನ. ನೀನು ದಿನಾ ಪೂಜೆ ಇಟ್ಟುಕೊಂಡಿದ್ದೀಯ."

ಅವಳಿಗೆ ಅರ್ಥವಾಗಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. ಮಾಡುತ್ತಿದ್ದದ್ದೂ ನಿಜವೇ.

ಅಷ್ಟರಲ್ಲಿ ಹೆಡ್‌ಮಿಸ್ ಬಂದರು. ಅವರದು ಗಟ್ಟಿ ಗಂಟಲು, ಅವರು ಬರುವ ಮೊದಲೇ ಅವರ ಮಾತು ಬರುತ್ತಿತ್ತು.

"ಏನ್ರೀ ದಾಕ್ಷಾಯಿಣಿ, ಇಷ್ಟು ಚಂದದ ಕೋಣೆ ಖಾಲಿ ಹೊಡೀತಿದೆ! ದಸರಾ ರಜೆ ಕೊಡೋ ಹೊತ್ತಿಗೆ ಮಕ್ಕಳು ತುಂಬದಿದ್ರೆ ಇಲ್ಲಿ ಕಂಪ್ಯೂಟರ್ ಕೂರಿಸ್ತೀನಿ. ಪುಸ್ತಕಕ್ಕೆ ಹಳೇ ಬೀರು ಸಾಕು. ಆಮೇಲೆ ನಿಮಗೂ ಇಲ್ಲಿ ಕೆಲಸ ಇರಲ್ಲ, ಈಗಲೇ ಹೇಳಿದ್ದೀನಿ."

ದಸರಾ ರಜೆಗೆ ಇಪ್ಪತ್ತೊಂದು ದಿನ ಇತ್ತು.

ಪಾಪ, ಅವಳು ಏನೆಲ್ಲ ಮಾಡಿದಳು! ಮೆಟ್ಟಿಲಿಗೆ ಹಳದಿ ಬಣ್ಣ ಹೊಡೆಸಿದಳು. ದಿಂಬು ತರಿಸಿದಳು. ಬಣ್ಣಬಣ್ಣದ ರಟ್ಟಿನ ಪುಸ್ತಕಗಳನ್ನೆಲ್ಲ ಮುಂದಕ್ಕೆ ಎಳೆದಿಟ್ಟಳು. ಕೊನೆಗೆ ಪ್ರಶ್ನೆಗಳ ಒಂದು ಹಾಳೆ ಮಾಡಿ ಪ್ರತಿ ತರಗತಿಗೂ ಹಂಚಿದಳು. ನಿಮಗೆ ಗ್ರಂಥಾಲಯ ಇಷ್ಟವೇ? ಹೌದು. ಮೆಟ್ಟಿಲು ಇಷ್ಟವೇ? ಹೌದು. ಯಾಕೆ ಬರುವುದಿಲ್ಲ? ಅಲ್ಲಿ ಮಾತ್ರ ಎಲ್ಲರೂ ಖಾಲಿ ಬಿಟ್ಟಿದ್ದರು.

ಆ ಹಾಳೆಗಳನ್ನೆಲ್ಲ ಮೇಷ್ಟ್ರ ಮುಂದೆ ಸುರಿದಳು.

"ಇಲ್ಲೂ ಉತ್ತರ ಇಲ್ಲ. ನನ್ನ ಕೈಲಾಗಲ್ಲ ಮೇಷ್ಟ್ರೇ. ನೀವಾದ್ರೂ ಹೇಳಿ."

"ಅಂಗೈ ಹುಣ್ಣಿಗೆ ಇಷ್ಟೊಂದು ಕನ್ನಡಿ ಹಿಡಿದಿದ್ದೀಯಲ್ಲ!"

"ಒಗಟು ಬೇಡಿ. ನನ್ನ ಕೆಲಸ ಹೋಗುತ್ತೆ."

"ನಿನ್ನ ಬಲಗೈಯನ್ನ ಕೇಳು," ಅಂದರು ಮೇಷ್ಟ್ರು. ಅಷ್ಟು ಹೇಳಿ ಹೊಳೆ ಕಡೆ ಹೋಗಿಬಿಟ್ಟರು.

ದಾಕ್ಷಾಯಿಣಿಗೆ ಅಳು ಬಂತು, ಸಿಟ್ಟೂ ಬಂತು. ಮೂರನೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಎರಡು ಬೆರಳಿಗೆ ಗೋಂದು ಅಂಟಿತ್ತು. ತೋರುಬೆರಳಿನ ತುದಿಗೆ ಶಾಯಿ. ಬೇರೇನೂ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತು. ಸೂರಿನ ಮೇಲೆ ಹೊಳೆಯ ಬೆಳಕು ಅಲುಗುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೆ ಜೋಂಪು ಹತ್ತಿತು.

ಕನಸಿನಲ್ಲೂ ಅದೇ ಮೆಟ್ಟಿಲು. ಆದರೆ ಅದು ಹೊಳೆಯೊಳಕ್ಕೆ ಇಳಿದು ಹೋಗಿತ್ತು. ನೀರಿನ ಕೆಳಗೂ ಒಂದೊಂದಾಗಿ ಮೆಟ್ಟಿಲು ಕಾಣುತ್ತಿತ್ತು, ಒಳಗೆ ಪುಸ್ತಕಗಳು ಮೆಲ್ಲಗೆ ಉಸಿರಾಡುತ್ತಿದ್ದವು. ಕೆಳಗೆ ಎಲ್ಲೋ ಯಾರೋ ಅವಳನ್ನು ಕಾಯುತ್ತಿದ್ದರು. ಇಳಿಯಬೇಕು ಅಂತ ಅವಳಿಗೆ ಆಸೆ. ಕಾಲು ಮಾತ್ರ ಏಳಲೊಲ್ಲದು.

ಗಾಳಿಗೆ ಕಿಟಕಿ ಬಡಿದುಕೊಂಡಿತು. ದಾಕ್ಷಾಯಿಣಿ ಗಡಬಡಿಸಿ ಎದ್ದಳು. ಕಿಟಕಿ ಹಾಕಲು ಮೂರು ಮೆಟ್ಟಿಲು ಇಳಿದಳು.

ಇಳಿದವಳು ಹಾಗೇ ನಿಂತಳು. ಬಲಗೈ ಕಣ್ಣಿನ ಮೇಲಿತ್ತು.

ಹೇಗೆ ಹೋಯಿತು ಅಲ್ಲಿಗೆ? ಅವಳು ಕಳಿಸಿರಲಿಲ್ಲ. ನಿದ್ದೆಗಣ್ಣಿನಲ್ಲಿ ಬಗ್ಗಿ, ಮೆಟ್ಟಿಲನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡಿದ್ದಳು. ನಿಧಾನವಾಗಿ ಮತ್ತೆ ಮೇಲೆ ಹತ್ತಿ ಇಳಿದಳು. ಕೈ ಮತ್ತೆ ತಾನಾಗಿ ಹೋಯಿತು. ಮೆಟ್ಟಿಲಿಗೆ, ಆಮೇಲೆ ಕಣ್ಣಿಗೆ.

ಅಯ್ಯೋ ದೇವರೇ! ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದೇನೆ ಅಂತ ಯೋಚಿಸಿದಳು. ಮೆಟ್ಟಿಲು ಇಟ್ಟ ದಿನದಿಂದಲೇ ಇರಬೇಕು.

ಅವಳಿಗೆ ಅಜ್ಜಿ ನೆನಪಾದಳು. ಐದು ವರ್ಷದವಳಿದ್ದಾಗ ಮಗ್ಗಿ ಪುಸ್ತಕಕ್ಕೆ ಕಾಲು ತಾಗಿತ್ತು. ರಪ್ ಅಂತ ಒಂದು ಏಟು ಬಿತ್ತು. "ಕಣ್ಣಿಗೊತ್ಕೋ, ಸರಸ್ವತಿ ಅದು!" ಅಂದಿದ್ದಳು ಅಜ್ಜಿ. ಒತ್ತಿಕೊಂಡಳು. ಆಮೇಲೆ ಎಷ್ಟೋ ಓದಿದಳು, ಎಷ್ಟೋ ಮರೆತಳು. ಕೈ ಮರೆತಿರಲಿಲ್ಲ.

ಮಕ್ಕಳು ಏನು ತಪ್ಪು ಮಾಡಿದ್ದರು? ಪ್ರತಿ ಮನೆಯಲ್ಲೂ ಅಂಥ ಒಬ್ಬಳು ಅಜ್ಜಿ ಇದ್ದಳು. ಪುಸ್ತಕದ ತಲೆಯ ಮೇಲೆ ಕಾಲಿಟ್ಟು ಹತ್ತು, ಅದರ ಮೇಲೆ ಕೂತು ಓದು ಅಂದರೆ ಯಾವ ಮಗು ಹತ್ತೀತು? ಅದನ್ನು ಹಾಳೆಯ ಮೇಲೆ ಬರೆಯೋಣವೆಂದರೆ, ಇಷ್ಟು ಚಂದ ಕಟ್ಟಿಸಿದ ಮಿಸ್‌ಗೆ ಬೇಜಾರಾಗುತ್ತದೆ.

ದಾಕ್ಷಾಯಿಣಿ ಹೊಳೆದಂಡೆಗೆ ಓಡಿದಳು. ಮೇಷ್ಟ್ರು ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು.

"ಕಾಲು ಮೇಷ್ಟ್ರೇ! ಕಾಲು ತಾಗುತ್ತೆ ಅಂತ!"

"ಹೂಂ."

"ನಕ್ಷೆ ತೋರಿಸಿದಾಗಲೇ ಹೇಳಬಹುದಿತ್ತಲ್ಲ?"

"ಆಗ ನನಗೆಲ್ಲಿ ಗೊತ್ತಿತ್ತು? ನಾನೂ ಹತ್ತೋಕೆ ಹೋದೆ. ಕಾಲು ಏಳಲಿಲ್ಲ. ಮಂಡಿನೋವು ಅಂದುಕೊಂಡೆ. ಆಮೇಲೆ ಒಂದು ದಿನ ನಿನ್ನ ಕೈ ಹೋಗಿ ಬರೋದು ಕಾಣಿಸ್ತು. ಪೊರೆ ಬಂದ ಕಣ್ಣಿಗೂ ಅಷ್ಟು ಕಾಣುತ್ತೆ."

"ಆವಾಗಾದ್ರೂ ಹೇಳಬಾರದಿತ್ತಾ? ಹತ್ತು ದಿನ ಅತ್ತಿದ್ದೀನಿ ನಾನು!"

"ಹೇಳಿದ್ದಿದ್ರೆ ನೀನು ಸೀದಾ ಬಡಗಿಯನ್ನ ಕರೀತಿದ್ದೆ. ಈಗ ಯಾರನ್ನ ಕರೆದೆ?"

ಅವಳು ತನ್ನ ಬಲಗೈ ನೋಡಿಕೊಂಡಳು.

"ಅಜ್ಜಿಯನ್ನ," ಅಂದಳು.

"ಮೊದಲು ಅವಳನ್ನ ಕರೀಬೇಕು. ಬಡಗಿ ಆಮೇಲೆ."

ಮಾರನೆಯ ದಿನ ಬಡಗಿ ಬಂದ. ಗೋಡೆಯ ಉದ್ದಕ್ಕೂ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಹಲಗೆ ಹೊಡೆದ. ಮೆಟ್ಟಿಲೊಳಗಿನ ಪುಸ್ತಕಗಳನ್ನು ಅಲ್ಲಿಗೆ ಸಾಗಿಸಲು ಮಕ್ಕಳು ಸಾಲಾಗಿ ನಿಂತರು. ಒಬ್ಬರ ಕೈಯಿಂದ ಒಬ್ಬರ ಕೈಗೆ. ಒಂದು ಗಂಟೆಯ ಕೆಲಸ ನಾಲ್ಕು ದಿನ ಹಿಡಿಯಿತು. ಯಾಕೆಂದರೆ ಸಾಲಿನಲ್ಲಿ ಯಾರಾದರೂ ಒಬ್ಬರು ಕೈಗೆ ಬಂದ ಪುಸ್ತಕ ತೆರೆದುಕೊಂಡು ನಿಂತುಬಿಡುತ್ತಿದ್ದರು. ಅವರ ಹಿಂದಿನವರೆಲ್ಲ "ಲೇ, ಮುಂದೆ ಕೊಡೇ!" ಅಂತ ಕೂಗುತ್ತಿದ್ದರು.

ಮೆಟ್ಟಿಲೊಳಗಿನ ಟೊಳ್ಳು ಖಾಲಿಯಾಯಿತು. ಒಳಗಿನ ಅಡ್ಡಹಲಗೆಗಳನ್ನೂ ಬಡಗಿ ತೆಗೆದ. ಈಗ ಅದು ರೈಲಿನ ಬರ್ತಿನ ಹಾಗೆ ಉದ್ದಕ್ಕೆ ಇತ್ತು.

ಮೂರನೇ ಕ್ಲಾಸಿನ ಬಿಂದುಶ್ರೀ ಬಗ್ಗಿ ನೋಡಿದಳು. "ಮಿಸ್, ಇದರೊಳಗೆ ಈಗ ಏನಿಡ್ತೀರಾ?"

"ಗೊತ್ತಿಲ್ಲ ಕಣೇ," ಅಂದಳು ದಾಕ್ಷಾಯಿಣಿ. ನಿಜವಾಗಿಯೂ ಗೊತ್ತಿರಲಿಲ್ಲ. ಬಂದ ಮೇಲೆ ಅವಳು ಆಡಿದ ಮಾತುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದೊಂದೇ.

"ನಾನು ಹೋಗ್ಲಾ?"

"ಹೋಗು."

ಹುಡುಗಿ ಪುಸ್ತಕ ಹಿಡಿದುಕೊಂಡು ಒಳಗೆ ನುಸುಳಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಹೇಳುವುದೇ ಬೇಡ.

ಸಂಜೆಯ ಹೊತ್ತಿಗೆ ಮಕ್ಕಳು ತಾವೇ ಒಂದು ಕಟ್ಟಳೆ ಮಾಡಿಕೊಂಡರು. ಕೆಳಗೆ ಯಾರಾದರೂ ಓದುತ್ತಿದ್ದರೆ ಆ ಮೆಟ್ಟಿಲ ಮೇಲೆ ಯಾರೂ ಕಾಲಿಡಬಾರದು, ಕೂರಬಾರದು. ಒಳಗೆ ಪುಸ್ತಕ ಇರುತ್ತದಲ್ಲ! ದಾಕ್ಷಾಯಿಣಿ ಅದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ದಸರಾ ರಜೆಯ ಹಿಂದಿನ ದಿನ, ಮಧ್ಯಾಹ್ನ ಮೂರು ಗಂಟೆ. ಹೆಡ್‌ಮಿಸ್ ಅಳತೆ ಟೇಪು ಹಿಡಿದು ಬಂದರು. ಬಾಗಿಲಲ್ಲಿ ನಿಂತು ಕಣ್ಣಾಡಿಸಿದರು. ಹಳದಿ ಮೆಟ್ಟಿಲುಗಳು ಖಾಲಿ. ದಿಂಬುಗಳ ಸುಳಿವಿಲ್ಲ. ಸೂರಿನ ಮೇಲೆ ಹೊಳೆಯ ಬೆಳಕು ಅಲುಗುತ್ತಿತ್ತು, ಅಷ್ಟೇ.

"ನೋಡಿದ್ರಾ! ಒಂದು ನರಪಿಳ್ಳೆ ಇಲ್ಲ. ನಾನು ಹೇಳಿರಲಿಲ್ವಾ?"

ದಾಕ್ಷಾಯಿಣಿ ಮುಂದೆ ಬಂದಳು. ಬಾಯಿ ತೆರೆಯಲು ಹೋದಳು. ಮೇಷ್ಟ್ರು ಅವಳ ಕೈ ಹಿಡಿದು ತಡೆದರು.

ಎರಡನೇ ಮೆಟ್ಟಿಲೊಳಗಿಂದ ಹಾಳೆ ಮಗುಚಿದ ಸದ್ದು ಬಂತು. ನಾಲ್ಕನೆಯದರೊಳಗೆ ಯಾರೋ ಕಿಸಕ್ಕನೆ ನಕ್ಕರು. ಮೊದಲನೆಯದರಿಂದ ಒಂದು ಅಂಗಾಲು ಹೊರಗೆ ಬಂದು, ತುರಿಸಿಕೊಂಡು, ಒಳಗೆ ಹೋಯಿತು.

ಹೆಡ್‌ಮಿಸ್ ಬಗ್ಗಿದರು. ಮೆಟ್ಟಿಲ ಉದ್ದಕ್ಕೂ ನೋಡುತ್ತ ಹೋದರು. ಒಂದೊಂದರೊಳಗೂ ಮಕ್ಕಳು. ತಲೆಯ ಪಕ್ಕ ತಲೆ, ಜಡೆಯ ಮೇಲೆ ಜಡೆ. ಯಾರೂ ತಲೆ ಎತ್ತಲಿಲ್ಲ. ಅವರ ಕೈಯಲ್ಲಿದ್ದ ಟೇಪು ತಾನಾಗಿ ಸುರುಳಿ ಸುತ್ತಿಕೊಂಡಿತು.

ಕಟ್ಟಕಡೆಯ ಮೂಲೆಯಲ್ಲಿ ಬಿಂದುಶ್ರೀ ಇದ್ದಳು. ಕಾಣೆಯಾದ ದಿಂಬುಗಳಲ್ಲಿ ಎರಡು ಅವಳ ತಲೆಯ ಕೆಳಗೇ ಇದ್ದವು. ತೆರೆದ ಪುಸ್ತಕ ಎದೆಯ ಮೇಲೆ ಬೋರಲಾಗಿ ಬಿದ್ದಿತ್ತು. ಅದು ಅವಳ ಉಸಿರಿನ ಜೊತೆ ಏಳುತ್ತಿತ್ತು, ಇಳಿಯುತ್ತಿತ್ತು. ಕಣ್ಣು ಮುಚ್ಚಿತ್ತು, ತುಟಿ ಮೆಲ್ಲಗೆ ಅಲುಗುತ್ತಿತ್ತು.

"ಇದೇನ್ರೀ ಇದು!" ಹೆಡ್‌ಮಿಸ್ ಗಂಟಲು ಸೂರಿಗೆ ತಾಗಿತು. "ಈ ಹುಡುಗಿ ಇಲ್ಲಿ ಮಲಗಿ..."

ಚನ್ನಿಗಯ್ಯ ಮೇಷ್ಟ್ರು ಸೊಂಟದಿಂದ ಬೀಗದ ಕೈ ಬಿಚ್ಚಿದರು. ಖಣ್ ಅನ್ನದ ಹಾಗೆ ಅದನ್ನು ಮುಷ್ಟಿಯಲ್ಲಿ ಹಿಡಿದು, ದಾಕ್ಷಾಯಿಣಿಯ ಬಲಗೈ ತೆರೆದು ಅದರೊಳಗಿಟ್ಟು, ಬೆರಳುಗಳನ್ನು ಮಡಚಿದರು. ಆಮೇಲೆ ಹೆಡ್‌ಮಿಸ್ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

"ಶ್... ಸದ್ದು ಮಾಡಬೇಡಿ ತಾಯಿ. ಮಗು ಇನ್ನೂ ಓದ್ತಾ ಇದೆ."