ಗೆಂಡೆ ಒಪ್ಪಿದ ದಿನ

ಹುಲುಗಪ್ಪಜ್ಜನಿಗೆ ಗಡ್ಡವಿರಲಿಲ್ಲ. ಆಶ್ರಮಕ್ಕೆ ಹೆಸರಿರಲಿಲ್ಲ. ನದಿಯ ದಂಡೆಯಲ್ಲಿ ಎರಡು ಗುಡಿಸಲು, ಒಂದು ಒಲೆ. ಜ್ಞಾನ ಹುಡುಕಿಕೊಂಡು ಬಂದವರಿಗೆ ಅಷ್ಟು ಸಾಕಾಗುತ್ತಿತ್ತು.

ಅಜ್ಜ ಮಂತ್ರ ಹೇಳಿಕೊಡುತ್ತಿರಲಿಲ್ಲ. ಗರಿಹುಳ ಕಟ್ಟುವುದನ್ನು ಕಲಿಸುತ್ತಿದ್ದ. ಗಾಳದ ಕೊಕ್ಕೆಗೆ ಹಕ್ಕಿಯ ಗರಿ ಇಟ್ಟು ರೇಷ್ಮೆ ದಾರ ಬಿಗಿಯಾಗಿ ಸುತ್ತಿದರೆ ಒಂದು ಸುಳ್ಳು ಹುಳ. ಅದನ್ನು ನಿಜವೆಂದು ನಂಬಿ ಮೀನು ಬಾಯಿ ಹಾಕಬೇಕು.

ಅಲ್ಲೊಂದು ಪದ್ಧತಿಯಿತ್ತು. ಶಿಷ್ಯ ತಾನೇ ಕಟ್ಟಿದ ಹುಳಕ್ಕೆ ಗೆಂಡೆ ಮೀನು ಬಾಯಿ ಹಾಕಿದರೆ 'ಗೆಂಡೆ ಒಪ್ಪಿತು' ಎನ್ನುತ್ತಿದ್ದರು. ಆ ದಿನ ಅಜ್ಜನನ್ನು ಒಂದು ಪ್ರಶ್ನೆ ಕೇಳಬಹುದು. ಅಲ್ಲಿಯವರೆಗೆ ದಾರ, ಗರಿ, ಕೊಕ್ಕೆಯ ಮಾತು ಮಾತ್ರ.

ಶರಭಯ್ಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದವನು. ಅವನ ಎಂಟು ವರ್ಷದ ಮಗಳು ಗಿರಿಜೆ ಜ್ವರ ಬಂದು ಸತ್ತಿದ್ದಳು. ಡಾಕ್ಟರು ಒಂದು ಕಾರಣ ಹೇಳಿದರು. ಜೋಯಿಸರು ಇನ್ನೊಂದು ಹೇಳಿದರು. ಎರಡನ್ನೂ ಕೇಳಿಸಿಕೊಂಡು ಅವನು ನದಿಗೆ ಬಂದ.

ಅವನ ಪ್ರಶ್ನೆ ಏನೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಒಲೆಯ ಮುಂದೆ ಕೂರುತ್ತಿದ್ದವನು ಗವಿಯಪ್ಪ, ಹಳೆಯ ಶಿಷ್ಯ. ಅವನ ಹುಳವನ್ನು ಗೆಂಡೆ ಎಂದೋ ಒಪ್ಪಿತ್ತು.

"ನೀವು ಪ್ರಶ್ನೆ ಕೇಳಿದಿರೇನು?" ಎಂದ ಶರಭಯ್ಯ.

"ಕೇಳಿದೆ."

"ಅಜ್ಜಾರು ಏನಂದ್ರು?"

"ಅಡಗಿ ಮಾಡು ಅಂದ್ರು."

"ಅಷ್ಟೇನಾ?"

"ಮೇಷ್ಟ್ರ, ಉಪ್ಪಿನ ಡಬ್ಬಿ ಈ ಕಡೆ ಸರಸ್ರಿ."

ಮಳೆಗಾಲ ಬಂತು. ಶರಭಯ್ಯ ನವಿಲುಗರಿ ಸೀಳಿ ಕಟ್ಟಿದ. ಮಿಂಚುಳ್ಳಿಯ ನೀಲಿ ಗರಿ ಕಟ್ಟಿದ. ಕೆಂಪು ರೇಷ್ಮೆಯಲ್ಲಿ ಸೊಂಟ ಬಿಗಿದ, ಜರಿಯ ಎಳೆಯಲ್ಲಿ ಹೊಟ್ಟೆ ಸುತ್ತಿದ.

"ಹುಳಕ್ಕ ಸೀರಿ ಉಡಿಸೀರಲ್ರಿ!" ಎಂದ ಗವಿಯಪ್ಪ. "ಕುಬಸ ಒಂದು ಬಾಕಿ."

ಶರಭಯ್ಯ ನಗಲಿಲ್ಲ. ಹುಳವನ್ನು ಅಜ್ಜನ ಮುಂದೆ ಹಿಡಿದ.

"ಹೆಂಗೈತ್ರಿ ಅಜ್ಜಾರೆ?"

"ಚಂದ ಐತಿ."

"ಮತ್ತ ಗೆಂಡಿ ಯಾಕ ಒಲ್ಲೆ ಅಂತೈತ್ರಿ?"

"ನೀ ಅದನ್ನ ಮದುವಿಗೆ ಕರದಿಲ್ಲಲ್ಲ."

ಗೆಂಡೆಗಳು ಹುಳದ ಹತ್ತಿರ ಬರುತ್ತಿದ್ದವು, ನೋಡುತ್ತಿದ್ದವು, ಹೋಗುತ್ತಿದ್ದವು. ಹೊಸ ನೀರಿನಲ್ಲಿ ತಿನ್ನಲು ಬೇಕಾದಷ್ಟಿತ್ತು.

ಬೇಸಿಗೆಯ ಹೊತ್ತಿಗೆ ನದಿ ನಿಂತುಹೋಯಿತು. ಆಶ್ರಮದ ಮುಂದಿನ ಮಡುವೊಂದರಲ್ಲಿ ನೀರು ಉಳಿಯಿತು, ಮೀನುಗಳೆಲ್ಲ ಅದರೊಳಗೆ ಉಳಿದವು. ಶರಭಯ್ಯ ಊಟ ಕಡಿಮೆ ಮಾಡಿದ್ದ. ಬೆರಳುಗಳಲ್ಲಿ ದಾರ ಕೊರೆದ ಗಾಯಗಳಿದ್ದವು.

"ಯಾವ ಬಣ್ಣ ಹಚ್ಚಲಿ, ಅದನ್ನಾದರೂ ಹೇಳ್ರಿ ಅಜ್ಜಾರೆ."

"ನೀರಿಗಿಳಿ," ಎಂದ ಅಜ್ಜ.

ಇಳಿದ. ಅಜ್ಜ ಅವನ ತಲೆ ಹಿಡಿದು ಮುಳುಗಿಸಿದ. ನೀರಿನ ಮೇಲೆ ಶಿಷ್ಯ ಕಟ್ಟಿದ ಹುಳಗಳನ್ನು ಒಂದೊಂದಾಗಿ ತೇಲಿಬಿಟ್ಟ. ಶರಭಯ್ಯ ಒದ್ದಾಡತೊಡಗಿದ ಮೇಲೆ ಕೈ ಬಿಟ್ಟ.

"ಕೆಂಪಂದು ಯಾವುದಿತ್ತು?"

ಶರಭಯ್ಯ ಕೆಮ್ಮಿದ. "ಗೊತ್ತಾಗಲಿಲ್ರಿ. ಬೆಳಕಿಗೆ ಅಡ್ಡ ಎಲ್ಲಾ ಕರ್ರಗ ಕಂಡವು."

"ಕೆಳಗಿದ್ದಾವ್ರಿಗೆ ಹಂಗ ಕಾಣೋದು."

ಇದರಲ್ಲಿ ಏನೋ ಇದೆ ಎಂದು ಶರಭಯ್ಯನಿಗೆ ಅನ್ನಿಸಿತು. ಕಲಿತವರಿಗೆ ಹಾಗೆ ಬೇಗ ಅನ್ನಿಸುತ್ತದೆ. ಅಂದೇ ಸಂಜೆ ಅವನು ನವಿಲುಗರಿ, ಜರಿ ಎಲ್ಲವನ್ನೂ ಒಲೆಗೆ ಹಾಕಿದ. ದಂಡೆಯ ಮೇಲೆ ಬಿದ್ದಿದ್ದ ಕಾಗೆಯ ಗರಿ ತಂದು ಸಣ್ಣದೊಂದು ಹುಳ ಕಟ್ಟಿದ. ಕಪ್ಪು ಗರಿ, ಕಪ್ಪು ದಾರ.

ಮರುದಿನ ಬೆಳಗ್ಗೆ ಗೆಂಡೆ ಒಪ್ಪಿತು.

ಶರಭಯ್ಯ ಗಾಳದ ದಾರ ಸೆಳೆದ. ಮೀನನ್ನು ಬುಟ್ಟಿಗೆ ಹಾಕಿ, ಕೊಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ಅಜ್ಜನ ಮುಂದೆ ಕುಳಿತ. ಒಲೆ ಊದುತ್ತಿದ್ದ ಗವಿಯಪ್ಪ ಊದುವುದನ್ನು ನಿಲ್ಲಿಸಿ ಆಚೆ ಮುಖ ಮಾಡಿದ.

ಪ್ರಶ್ನೆಯನ್ನು ಶರಭಯ್ಯ ಬಹಳ ದಿನ ತಿದ್ದಿ ತೀಡಿ ಇಟ್ಟುಕೊಂಡಿದ್ದ. ಕರ್ಮ, ಕಾರಣ, ಕಾರ್ಯ ಎಲ್ಲ ಅದರಲ್ಲಿದ್ದವು. ಬಾಯಿ ತೆರೆದಾಗ ಅದು ಬರಲಿಲ್ಲ.

"ನನ್ನ ಮಗಳು ಯಾಕ ಸತ್ತಳ್ರಿ?"

ಅಜ್ಜ ಕೊಕ್ಕೆಯನ್ನು ತೆಗೆದುಕೊಂಡ. ಸೊಂಟದ ಚಾಕುವಿನಿಂದ ಗರಿಗೆ ಸುತ್ತಿದ ಕಪ್ಪು ದಾರ ಕುಯ್ದ. ಕಾಗೆಯ ಗರಿ ಉದುರಿತು. ಗಾಳದ ದಾರ ಹಿಡಿದು ಬರಿಯ ಕೊಕ್ಕೆಯನ್ನು ಮಡುವಿಗೆ ಎಸೆದ.

ಗೆಂಡೆಯೊಂದು ಬಂದು ಅದನ್ನು ನುಂಗಿತು.

ಅಜ್ಜ ಅದನ್ನು ಎಳೆದ. ಕೊಕ್ಕೆ ಬಿಡಿಸಲಿಲ್ಲ. ಒದ್ದಾಡುತ್ತಿದ್ದ ಮೀನನ್ನು ಹಾಗೆಯೇ ತಂದು ಶರಭಯ್ಯನ ಕೈಯಲ್ಲಿಟ್ಟ.

"ಇದೇನ್ರಿ? ಗರಿನೇ ಇಲ್ಲ!"

"ಹಸದೈತಿ. ಮಡುವಿನಾಗ ತಿನ್ನಾಕ ಏನೂ ಉಳದಿಲ್ಲ. ಕಲ್ಲು ಒಗದರೂ ಬಾಯಿ ಹಾಕತೈತಿ."

"ಹಂಗಾದ್ರ ನಾ ಕಟ್ಟಿದ ಕಾಗಿ ಗರಿ?"

"ನೀ ಕಟ್ಟಿದಿ. ಅಷ್ಟ."

"ನೀರಾಗ ಮುಳುಗಿಸಿದ್ದು?"

"ಬಣ್ಣ ಯಾವುದು ಅಂತ ಕೇಳಿದ್ಯಲ್ಲ? ತೋರಿಸಿದೆ."

"ನಾ ಉತ್ತರ ಕೇಳೀನ್ರಿ."

"ಕೇಳಬಹುದು ಅಂದಿದ್ದೆ. ಹೇಳ್ತೀನಿ ಅಂತ ಯಾವಾಗ ಅಂದೆ?"

"ನಿಮಗ ಗೊತ್ತಿಲ್ಲೇನು?"

"ಇಲ್ಲ."

"ಗವಿಯಪ್ಪನವರಿಗೂ ಹಿಂಗ ಅಂದ್ರೇನು?"

"ಅವಗೂ ಇಲ್ಲ ಅಂದೆ. ಎಲ್ಲಿಗೆ ಹೋಗಲಿ ಅಂದ. ಅಡಗಿ ಮಾಡು ಅಂದೆ."

ಗವಿಯಪ್ಪ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದ.

"ಅಜ್ಜಾರೆ," ಎಂದ ಶರಭಯ್ಯ, "ಮಡುವಿಗೆ ಬಿದ್ದು ಸಾಯಾಕಂತ ಬಂದಾವ ನಾನು. ಇದೊಂದು ಕೇಳೂತನಕ ಇರೋಣಂತ ಜೀವ ಹಿಡಕೊಂಡಿದ್ದೆ. ಇನ್ನ ಏನು ಹಿಡೀಲ್ರಿ?"

ಅಜ್ಜ ಅವನ ಮುಖ ನೋಡಲಿಲ್ಲ, ಕೈ ನೋಡಿದ. ಮುಷ್ಟಿಯಲ್ಲಿದ್ದ ಗೆಂಡೆ ಕೊಕ್ಕೆಯನ್ನು ಕಚ್ಚಿಕೊಂಡೇ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ತೆರೆಯುತ್ತಿತ್ತು.

"ಅದೂ ನಿನ್ನ ಯಾಕ ಅಂತನ ಕೇಳಾಕತ್ತೈತಿ," ಎಂದ ಅಜ್ಜ. "ನೀ ಹೇಳು."